ತಾಯಂದಿರ ಭಾನುವಾರ ಮತ್ತು ಬಂಜೆಯ ಹರ್ಷಗಾನ

ಮೇ ತಿಂಗಳ ಎರಡನೆಯ ಭಾನುವಾರ ಸಮೀಪಿಸುತ್ತಿದ್ದಂತೆ ನಮ್ಮ ಅನೇಕ ಸಭೆಗಳಲ್ಲಿ ಒಂದು ಬಗೆಯ ಸಿದ್ಧತೆ ಆರಂಭವಾಗುತ್ತದೆ. ಭಾನುವಾರ ಶಾಲೆಯ ಮಕ್ಕಳು ಹಾಡೊಂದನ್ನು ಕಲಿಯುತ್ತಾರೆ. ಯುವಜನ ಸಂಘದವರು ಗುಲಾಬಿ ಹೂಗಳಿಗೆ ಮುಂಚಿತವಾಗಿ ಹೇಳಿಡುತ್ತಾರೆ. ಸಭೆಯ ಹಿರಿಯ ತಾಯಿಯೊಬ್ಬರಿಗೆ ಶಾಲು ಹೊದಿಸುವುದೆಂದು ತೀರ್ಮಾನವಾಗುತ್ತದೆ. ಸಭಾಪಾಲಕರು ಹೆಚ್ಚಾಗಿ ಜ್ಞಾನೋಕ್ತಿಗಳ 31ನೆಯ ಅಧ್ಯಾಯವನ್ನು ತೆರೆಯುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದವನು.

ಅಭಿಷೇಕ ಹೊಂದಿದ ಆರಂಭದ ದಿನಗಳಲ್ಲಿ, ಆಗಷ್ಟೇ ವರ್ಗವಾಗಿ ಹೋಗಿದ್ದ ಒಂದು ಗ್ರಾಮಸಭೆಯಲ್ಲಿ, ಅಂಥ ಭಾನುವಾರ ಪ್ರಸಂಗದ ಬಳಿಕ ತಾಯಂದಿರೆಲ್ಲರೂ ಎದ್ದು ನಿಲ್ಲಬೇಕೆಂದು ವಿನಂತಿಸಿದೆ. ಮಕ್ಕಳು ಹೂ ಹಿಡಿದು ಸಾಲುಗಳ ನಡುವೆ ಹೊರಟರು. ಮೂರನೆಯ ಸಾಲಿನಲ್ಲಿದ್ದ ಒಬ್ಬ ಸಹೋದರಿ ಅರ್ಧ ಎದ್ದು, ಸುತ್ತ ನೋಡಿ, ಮತ್ತೆ ಕುಳಿತರು. ಆರಾಧನೆ ಮುಗಿದು ಬಾಗಿಲ ಬಳಿ ಕೈಕುಲುಕುವಾಗ ಅವರು ಮೆಲ್ಲನೆ ಕೇಳಿದರು: "ಅಯ್ಯನವರೇ, ನಾನು ಎದ್ದು ನಿಲ್ಲಬೇಕಾಗಿತ್ತೋ, ಕೂತಿರಬೇಕಾಗಿತ್ತೋ?" ಅವರ ಒಂದೇ ಕೂಸು ಹುಟ್ಟಿದ ಹನ್ನೊಂದನೆಯ ದಿನ ತೀರಿಕೊಂಡಿತ್ತೆಂಬುದನ್ನು ಸಭೆಯ ಹಿರಿಯರು ಅನಂತರ ತಿಳಿಸಿದರು. ಆ ಪ್ರಶ್ನೆಯಲ್ಲಿ ದೂರು ಇರಲಿಲ್ಲ. ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು, ಮತ್ತು ದೈವಶಾಸ್ತ್ರದಲ್ಲಿ ಪದವಿ ಪಡೆದು ಬಂದಿದ್ದ ನನ್ನ ಬಳಿ ಅದು ಇರಲಿಲ್ಲ.

ಈ ಆಚರಣೆ ಎಲ್ಲಿಂದ ಬಂತು, ಲೋಕದ ಬೇರೆ ಬೇರೆ ಜನಾಂಗಗಳ ಕ್ರೈಸ್ತರು ತಾಯ್ತನವನ್ನು ಹೇಗೆ ಗೌರವಿಸಿದ್ದಾರೆ, ಆ ದಿನ ಸಭೆ ಓದುತ್ತ ಬಂದ ಸತ್ಯವೇದ ಪಾಠ ಯಾವುದು ಎಂಬುದನ್ನು ಹುಡುಕಲು ತೊಡಗಿದ್ದು ಆ ಪ್ರಶ್ನೆಯ ನಿಮಿತ್ತವಾಗಿ. ಹುಡುಕಾಟದಲ್ಲಿ ದೊರೆತದ್ದನ್ನು ಇಲ್ಲಿ ವಿವರಿಸಿದ್ದೇನೆ.

ಎರಡು ಭಾನುವಾರಗಳು

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಾವು ಒಂದೇ ಹೆಸರಿನಿಂದ ಕರೆಯುವ ಆಚರಣೆಯ ಹಿಂದೆ ಎರಡು ಬೇರೆ ಬೇರೆ ದಿನಗಳಿವೆ. ಇಂಗ್ಲೆಂಡಿನ 'ಮದರಿಂಗ್ ಸಂಡೆ' ಲೆಂಟ್ ಕಾಲದ ನಾಲ್ಕನೆಯ ಭಾನುವಾರದಂದು ಬರುತ್ತದೆ. ಅದರ ಬೇರು ಸಭೆಯ ಆರಾಧನಾ ಪಂಚಾಂಗದಲ್ಲಿದೆ. ಮೇ ತಿಂಗಳ 'ಮದರ್ಸ್ ಡೇ' ಅಮೆರಿಕದ್ದು. ಅದರ ವಯಸ್ಸು ನೂರು ವರ್ಷಗಳನ್ನು ಸ್ವಲ್ಪ ದಾಟಿದೆ, ಅಷ್ಟೇ. ನಮ್ಮ ಸಭೆಗಳಿಗೆ ಬಂದಿರುವುದು ಬಹುಮಟ್ಟಿಗೆ ಎರಡನೆಯದು.

ಇಂಗ್ಲೆಂಡಿನ ದಿನವನ್ನು ಮೊದಲು ನೋಡೋಣ. ಪಾಶ್ಚಾತ್ಯ ಸಭೆಯಲ್ಲಿ ಲೆಂಟಿನ ನಾಲ್ಕನೆಯ ಭಾನುವಾರಕ್ಕೆ 'ಲೇತಾರೆ' ಎಂಬ ಹೆಸರಿದೆ. ಆ ದಿನದ ಪ್ರವೇಶಗೀತೆ ಲತೀನ್ ಭಾಷೆಯಲ್ಲಿ ಹರ್ಷಿಸೆಂಬ ಕರೆಯಿಂದ ತೊಡಗುತ್ತದೆ. ಅದು ಯೆಶಾಯ 66:10-11ರಿಂದ ಎತ್ತಿಕೊಂಡದ್ದು. ಅಲ್ಲಿ ಪ್ರವಾದಿ ಯೆರೂಸಲೇಮನ್ನು ಹಾಲೂಡುವ ತಾಯಿಯನ್ನಾಗಿ ಚಿತ್ರಿಸಿ, ಆಕೆಗಾಗಿ ದುಃಖಿಸಿದವರನ್ನು ಆಕೆಯ ಮಡಿಲಿಗೆ ಕರೆಯುತ್ತಾನೆ. ರೋಮಿನಲ್ಲಿ ಆ ದಿನ ಆರಾಧನೆಗೆ ಸೇರುತ್ತಿದ್ದುದು 'ಯೆರೂಸಲೇಮಿನ ಪವಿತ್ರ ಶಿಲುಬೆ' ಎಂಬ ಹೆಸರಿನ ದೇವಾಲಯದಲ್ಲಿ. ನೇರಳೆ ಬಣ್ಣದ ವಸ್ತ್ರಗಳ ಬದಲು ಗುಲಾಬಿ ಬಣ್ಣದವನ್ನು ಧರಿಸುವ ವಾಡಿಕೆಯೂ ಇದೆ. ದಿನದ ಪತ್ರಿಕಾ ಪಾಠ ಗಲಾತ್ಯದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ್ದು: ಹಾಗರಳು, ಸಾರಳು, ಮತ್ತು ನಮಗೆಲ್ಲರಿಗೂ ತಾಯಿಯಾದ ಮೇಲಣ ಯೆರೂಸಲೇಮು. ಸುವಾರ್ತಾ ಪಾಠ ಐದು ಸಾವಿರ ಜನರಿಗೆ ಊಟವಿಟ್ಟ ಪ್ರಸಂಗ, ಯೋಹಾನ 6ನೆಯ ಅಧ್ಯಾಯ. ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕ ಇವೆರಡನ್ನೂ ಹಾಗೆಯೇ ಉಳಿಸಿಕೊಂಡಿತು. ಒಬ್ಬ ತಾಯಿ ಮತ್ತು ಒಂದು ಊಟ: ಉಪವಾಸದ ನಡುವಿನ ಒಂದು ವಿರಾಮ. ಈ ಎರಡರ ಸುತ್ತಲೇ ಜನರ ಆಚರಣೆ ಬೆಳೆಯಿತು.

ಜನರು ವರ್ಷಕ್ಕೊಮ್ಮೆ ತಮ್ಮ 'ತಾಯಿ ದೇವಾಲಯ'ಕ್ಕೆ, ಅಂದರೆ ಪ್ರಧಾನ ದೇವಾಲಯಕ್ಕೆ, ಮೆರವಣಿಗೆಯಲ್ಲಿ ಹೋಗುತ್ತಿದ್ದ ಪದ್ಧತಿಯೂ ಮಧ್ಯಯುಗದಲ್ಲಿತ್ತು. ಯಾವ ಸಭೆಯ ಧ್ವಜ ಮುಂದಿರಬೇಕೆಂದು ಜಗಳವಾಡಕೂಡದೆಂದು ಹದಿಮೂರನೆಯ ಶತಮಾನದ ಲಿಂಕನ್ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ ಕಟ್ಟಪ್ಪಣೆ ಮಾಡಬೇಕಾಯಿತು. ನಮ್ಮ ಹಬ್ಬಗಳ ಮೆರವಣಿಗೆಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ಆ ಪತ್ರ ಈ ಭಾನುವಾರವನ್ನು ಕುರಿತೇ ಬರೆದದ್ದೆಂದು ಹೇಳಲಾಗದು. ಪ್ರಾಚೀನ ರೋಮಿನ ಮಾತೃದೇವತೆ ಸಿಬೆಲೆಯ ಹಬ್ಬವೇ ಮದರಿಂಗ್ ಸಂಡೆಯಾಯಿತೆಂದು ಬರೆಯುವವರೂ ಉಂಟು. ಅಷ್ಟು ದೂರದ ಎರಡು ಕಾಲಗಳನ್ನು ಜೋಡಿಸುವ ಸಾಕ್ಷ್ಯವನ್ನು ಯಾರೂ ತೋರಿಸಿಲ್ಲವಾದುದರಿಂದ ಪ್ರಸಂಗಪೀಠದಿಂದ ಅದನ್ನು ಹೇಳದಿರುವುದೇ ಲೇಸು.

ಗಟ್ಟಿಯಾದ ಸಾಕ್ಷ್ಯ ದೊರೆಯುವುದು ಹದಿನೇಳನೆಯ ಶತಮಾನದಲ್ಲಿ. ರಿಚರ್ಡ್ ಸಿಮಂಡ್ಸ್ ಎಂಬ ಸೈನಿಕ 1644ರಲ್ಲಿ ವೂಸ್ಟರ್ ಪಟ್ಟಣದಲ್ಲಿದ್ದಾಗ, ಲೆಂಟಿನ ಮಧ್ಯದ ಭಾನುವಾರ ಅಲ್ಲಿ ಮಕ್ಕಳೂ ಧರ್ಮಮಕ್ಕಳೂ ಕುಟುಂಬದ ಹಿರಿಯರ ಮನೆಯಲ್ಲಿ ಕೂಡಿ ಊಟ ಮಾಡುತ್ತಾರೆಂದೂ ಆ ದಿನಕ್ಕೆ ತಾಯಿಯ ಹೆಸರಿದೆಯೆಂದೂ ತನ್ನ ದಿನಚರಿಯಲ್ಲಿ ಗುರುತಿಸಿಕೊಂಡ. ನಾಲ್ಕು ವರ್ಷಗಳ ಅನಂತರ ಪ್ರಕಟವಾದ ರಾಬರ್ಟ್ ಹೆರಿಕ್ ಎಂಬ ಪಾದ್ರಿ ಕವಿಯ ಸಂಗ್ರಹದಲ್ಲಿ ತಾಯಿಗೆ 'ಸಿಮ್ನೆಲ್' ಎಂಬ ಸಿಹಿರೊಟ್ಟಿಯನ್ನು ಒಯ್ಯುವ ಪ್ರಸ್ತಾಪವಿದೆ. ಮುಂದಿನ ಶತಮಾನಗಳಲ್ಲಿ ಈ ದಿನ ವಿಶೇಷವಾಗಿ ಮನೆಗೆಲಸದ ಹುಡುಗಿಯರದೂ ಕಸುಬು ಕಲಿಯಲು ಹೋದ ಹುಡುಗರದೂ ಆಯಿತು. ಹತ್ತು ಹನ್ನೆರಡು ವರ್ಷಕ್ಕೇ ಬೇರೆಯವರ ಮನೆಯಲ್ಲಿ ದುಡಿಯಲು ಹೋಗಿದ್ದ ಮಕ್ಕಳಿಗೆ ಅಂದು ಯಜಮಾನರು ರಜೆ ಕೊಡುತ್ತಿದ್ದರು. ಅವರು ನಡೆದೇ ಊರು ಸೇರುತ್ತಿದ್ದರು, ದಾರಿಯ ಬೇಲಿಗಳಲ್ಲಿ ಅರಳಿದ ನೇರಳೆ ಹೂಗಳನ್ನು ಕಿತ್ತು ತಾಯಿಗೆ ಒಯ್ಯುತ್ತಿದ್ದರು. ಇಂದು ಆ ಹೂಗಳ ಚಿತ್ರವನ್ನು ಮಾತ್ರ ನೆನೆಯುತ್ತೇವೆ. ವರ್ಷದಲ್ಲಿ ಒಂದು ದಿನ ಬಿಟ್ಟು ಉಳಿದೆಲ್ಲ ದಿನ ಆ ಮಗು ತಾಯಿಯಿಂದ ದೂರವಿತ್ತೆಂಬುದೂ ಅದೇ ಚಿತ್ರದ ಭಾಗ.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಈ ಪದ್ಧತಿ ಬಹುತೇಕ ಅಳಿದಿತ್ತು. ನಾಟಿಂಗ್‌ಹ್ಯಾಮ್ ಸೀಮೆಯ ಕಾಡಿಂಗ್ಟನ್ ಎಂಬಲ್ಲಿಯ ಸಭಾಪಾಲಕರ ಮಗಳು ಕಾನ್‌ಸ್ಟನ್ಸ್ ಪೆನ್ಸ್ವಿಕ್ ಸ್ಮಿತ್ 1913ರಲ್ಲಿ ಅಮೆರಿಕದ ಮದರ್ಸ್ ಡೇಯನ್ನು ಇಂಗ್ಲೆಂಡಿಗೂ ತರಬೇಕೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ನಮ್ಮ ಸಭೆಯಲ್ಲಿಯೇ ಇಂಥ ದಿನವೊಂದು ಇದೆಯಲ್ಲ ಎಂದು ಅದರ ಪುನರುಜ್ಜೀವನಕ್ಕೆ ನಿಂತರು. ಅವರ ದೃಷ್ಟಿಯಲ್ಲಿ ಆ ಭಾನುವಾರ ಮನೆಯ ತಾಯಂದಿರಿಗೆ ಮಾತ್ರ ಸೇರಿದ್ದಲ್ಲ. ತಾಯಿಯಾದ ಸಭೆ, ಯೇಸುವಿನ ತಾಯಿ ಮರಿಯಳು, ಭೂತಾಯಿಯ ವರಗಳು ಎಲ್ಲವನ್ನೂ ಅದು ನೆನೆಯಬೇಕಾಗಿತ್ತು. 1938ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ದಿನ ಬ್ರಿಟನ್ನಿನಲ್ಲಿ ಮತ್ತೆ ಬೇರೂರಿತ್ತು. ಸ್ಮಿತ್ ಅವಿವಾಹಿತೆ, ಅವರಿಗೆ ಮಕ್ಕಳಿರಲಿಲ್ಲ.

ಅಮೆರಿಕದ ದಿನವನ್ನು ನೆಲೆಗೊಳಿಸಿದ ಅನಾ ಜಾರ್ವಿಸ್ ಸಹ ಅವಿವಾಹಿತೆಯೇ. ಆಕೆ ನೆನೆಯಬಯಸಿದ್ದು ತನ್ನ ತಾಯಿ ಆನ್ ರೀವ್ಸ್ ಜಾರ್ವಿಸರನ್ನು. ನಾವು ಹೆಚ್ಚು ತಿಳಿಯಬೇಕಾದುದೂ ಈ ತಾಯಿಯನ್ನೇ. ಪಶ್ಚಿಮ ವರ್ಜೀನಿಯದ ಬೆಟ್ಟದ ಊರುಗಳಲ್ಲಿ ಬದುಕಿದ ಆಕೆ ಹತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತರು. ಪ್ರಾಯಕ್ಕೆ ಬಂದವರು ನಾಲ್ವರು. ಉಳಿದವರನ್ನು ದಡಾರ, ಗಂಟಲಮಾರಿ, ವಿಷಮಜ್ವರಗಳಂಥ ಬೇನೆಗಳು ಒಯ್ದವು. ಆಕೆ 1858ರಲ್ಲಿ ಕಟ್ಟಿದ ತಾಯಂದಿರ ಸಂಘಗಳು ಹೂ ಹಂಚಲಿಲ್ಲ. ನೀರು ಹಾಲುಗಳ ಶುಚಿತ್ವವನ್ನು ನೋಡಿಕೊಂಡವು, ಬಡವರ ಔಷಧಿಗೆ ಹಣ ಕೂಡಿಸಿದವು, ಕ್ಷಯರೋಗದಿಂದ ಮಲಗಿದ ತಾಯಂದಿರ ಮನೆಗೆ ಆಳುಗಳನ್ನು ಕಳುಹಿಸಿದವು. ಅಂತರ್ಯುದ್ಧದಲ್ಲಿ ಈ ಸಂಘಗಳು ಉಭಯ ಪಕ್ಷಗಳ ಗಾಯಾಳುಗಳನ್ನೂ ಉಪಚರಿಸಿದವು. ಯುದ್ಧ ಮುಗಿದ ಮೇಲೆ, ಒಂದೇ ಊರಿನಲ್ಲಿದ್ದು ಪರಸ್ಪರ ಮುಖ ನೋಡದ ಕುಟುಂಬಗಳನ್ನು ಆಕೆ ತಾಯಂದಿರ ಹೆಸರಿನಲ್ಲಿ ಒಂದೆಡೆ ಕೂಡಿಸಿದರು. ಅದೇ ಕಾಲದಲ್ಲಿ, 1870ರಲ್ಲಿ, ಜೂಲಿಯಾ ವಾರ್ಡ್ ಹೌ ಎಂಬ ಕವಯಿತ್ರಿ, ತಾವು ಹೆತ್ತವರು ಇನ್ನೊಬ್ಬ ತಾಯಿಯ ಮಕ್ಕಳನ್ನು ಕೊಲ್ಲಲು ಬಿಡಬಾರದೆಂದು ಲೋಕದ ಸ್ತ್ರೀಯರಿಗೆ ಮನವಿ ಹೊರಡಿಸಿದರು.

ಆನ್ ಜಾರ್ವಿಸ್ ಗ್ರಾಫ್ಟನ್ ಪಟ್ಟಣದ ಮೆಥೋಡಿಸ್ಟ್ ಸಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಭಾನುವಾರ ಶಾಲೆಯಲ್ಲಿ ಕಲಿಸಿ, 1905ರ ಮೇ 9ರಂದು ನಿಧನರಾದರು. 1908ರ ಮೇ 10ರಂದು ಅದೇ ದೇವಾಲಯದಲ್ಲಿ ಮೊದಲ ತಾಯಂದಿರ ದಿನದ ಆರಾಧನೆ ನಡೆಯಿತು. ಮಗಳು ಅನಾ, ತಾಯಿಗೆ ಪ್ರಿಯವಾಗಿದ್ದ 500 ಬಿಳಿ ಕಾರ್ನೇಷನ್ ಹೂಗಳನ್ನು ಕಳುಹಿಸಿಕೊಟ್ಟರು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ರಾಷ್ಟ್ರೀಯ ದಿನವೆಂದು ಘೋಷಿಸಿದರು. ಹೂವಿನ ವ್ಯಾಪಾರಿಗಳೂ ಶುಭಾಶಯ ಪತ್ರ ಮುದ್ರಿಸುವವರೂ ಮಿಠಾಯಿ ಕಂಪನಿಗಳೂ ಕೂಡಲೇ ಒಳಹೊಕ್ಕರು. ಅನಾ ತನ್ನ ಉಳಿದ ಬದುಕನ್ನೆಲ್ಲ ಅವರ ವಿರುದ್ಧ ಹೋರಾಡುತ್ತ ಸವೆಸಿದರು. 1925ರಲ್ಲಿ, ಸೈನಿಕರ ತಾಯಂದಿರ ಸಂಘವೊಂದು ಹಣ ಕೂಡಿಸಲು ಕಾರ್ನೇಷನ್ ಮಾರುತ್ತಿದ್ದುದನ್ನು ಪ್ರತಿಭಟಿಸಿ ಶಾಂತಿಭಂಗದ ಆರೋಪದ ಮೇಲೆ ಬಂಧನಕ್ಕೂ ಒಳಗಾದರು. 1948ರಲ್ಲಿ ಆಸ್ತಿಯಿಲ್ಲದೆ ಒಂದು ಆರೋಗ್ಯಧಾಮದಲ್ಲಿ ತೀರಿಕೊಂಡರು.

ಈ ಚರಿತ್ರೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಒಂದಿದೆ. ಯಾವ ತಾಯಿಯ ನೆನಪಿಗಾಗಿ ಈ ದಿನ ಹುಟ್ಟಿತೋ ಆಕೆ ಬೆಳೆಸಿದ ಮಕ್ಕಳಿಗಿಂತ ಹೂಳಿದ ಮಕ್ಕಳೇ ಹೆಚ್ಚು. ಅದನ್ನು ಸ್ಥಾಪಿಸಿದವಳಿಗೆ ಮಕ್ಕಳೇ ಇಲ್ಲ. ಇವರಿಬ್ಬರೂ ಅಂದು ನನ್ನ ಸಭೆಯಲ್ಲಿದ್ದಿದ್ದರೆ ಒಬ್ಬರು ಕುಳಿತೇ ಇರಬೇಕಾಗಿತ್ತು. ಇನ್ನೊಬ್ಬರು ಎದ್ದು ನಿಂತರೂ ಮನಸ್ಸಿನಲ್ಲಿ ಸಮಾಧಿಗಳನ್ನು ಎಣಿಸುತ್ತಿದ್ದರು.

ಬೇರೆ ಜನಾಂಗಗಳಲ್ಲಿ

ಸರ್ಬಿಯದ ಆರ್ಥಡಾಕ್ಸ್ ಕ್ರೈಸ್ತರ ಪದ್ಧತಿಯಷ್ಟು ಅರ್ಥಗರ್ಭಿತವಾದುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕ್ರಿಸ್ತಜಯಂತಿಗೆ ಮುಂಚಿನ ಮೂರು ಭಾನುವಾರಗಳು ಅವರಲ್ಲಿ ಕ್ರಮವಾಗಿ ಮಕ್ಕಳಿಗೆ, ತಾಯಂದಿರಿಗೆ, ತಂದೆಯರಿಗೆ ಮೀಸಲು. ಮೊದಲನೆಯ ಭಾನುವಾರ ಹಿರಿಯರು ಮಕ್ಕಳನ್ನು ದಾರದಿಂದಲೋ ನಡುಪಟ್ಟಿಯಿಂದಲೋ ಕಟ್ಟಿಹಾಕುತ್ತಾರೆ. ಮಕ್ಕಳು ಏನಾದರೂ ಚಿಕ್ಕ ವಸ್ತುವನ್ನು ಕೊಟ್ಟು ಬಿಡಿಸಿಕೊಳ್ಳಬೇಕು. 'ಮಾತೆರಿತ್ಸೆ' ಎಂಬ ಎರಡನೆಯ ಭಾನುವಾರ ಮಕ್ಕಳು ನಸುಕಿನಲ್ಲೇ ತಾಯಿಯ ಕಾಲುಗಳನ್ನು ಕಟ್ಟುತ್ತಾರೆ; ಆಕೆ ಒಣಹಣ್ಣು, ಆಕ್ರೋಟು, ಸಿಹಿತಿಂಡಿ ಕೊಟ್ಟು ಬಿಡುಗಡೆ ಪಡೆಯುತ್ತಾಳೆ. ಮೂರನೆಯದು ತಂದೆಯ ಸರದಿ. ಹುಟ್ಟಲಿರುವ ವಿಮೋಚಕನನ್ನು ಎದುರುನೋಡುವ ಕಾಲದಲ್ಲಿ ಮನೆಯವರೆಲ್ಲರೂ ಸರದಿಯ ಮೇಲೆ ಕಟ್ಟಿಸಿಕೊಂಡು ಈಡು ತೆತ್ತು ಬಿಡುಗಡೆ ಹೊಂದುವ ಈ ಆಟವನ್ನು ಯಾವ ದೈವಶಾಸ್ತ್ರಜ್ಞ ಯೋಜಿಸಿದನೋ ಕಾಣೆ. ಬಹುಶಃ ಯಾರೂ ಯೋಜಿಸಿದ್ದಲ್ಲ. ತಾಯ್ತನ ಒಂದು ಬಂಧವೂ ಹೌದು, ಬಂಧನವೂ ಹೌದೆಂಬುದನ್ನು ಸಭೆ ಇಲ್ಲಿ ನಗುನಗುತ್ತಲೇ ಒಪ್ಪಿಕೊಳ್ಳುತ್ತದೆ. ಗುಲಾಬಿ ಕೊಡುವ ನಮ್ಮ ಪದ್ಧತಿಯಲ್ಲಿ ಈ ಎರಡನೆಯ ಮಾತಿಗೆ ಎಡೆಯಿಲ್ಲ.

ಅರ್ಮೇನಿಯದಲ್ಲಿ ತಾಯ್ತನದ ದಿನ ಏಪ್ರಿಲ್ 7. ಅರ್ಮೇನಿಯನ್ ಸಭೆಯ ಪಂಚಾಂಗದಲ್ಲಿ ಅದು ಗಬ್ರಿಯೇಲನು ಮರಿಯಳಿಗೆ ಶುಭವಾರ್ತೆ ತಂದ ಹಬ್ಬ. ಅಂದರೆ ಅಲ್ಲಿ ಗೌರವ ಸಲ್ಲುವುದು ಹೆರಿಗೆಯ ಗಳಿಗೆಗಲ್ಲ, ಸಮ್ಮತಿಯ ಗಳಿಗೆಗೆ. ಇಥಿಯೋಪಿಯದ ಆರ್ಥಡಾಕ್ಸ್ ಸಭೆಯಲ್ಲಿ ಮರಿಯಳ ಹೆಸರಿನಲ್ಲಿ ವರ್ಷಕ್ಕೆ 33 ಹಬ್ಬಗಳಿವೆ. ಆಗಸ್ಟ್ ತಿಂಗಳ ಉಪವಾಸವನ್ನು ಚಿಕ್ಕ ಮಕ್ಕಳೂ ಆಚರಿಸುತ್ತಾರೆ. ಅಲ್ಲಿ ಒಂದು ದಿನದ ಸನ್ಮಾನಕ್ಕೆ ಬದಲಾಗಿ ಕಾಲವೇ ತಾಯಿಯ ಹೆಸರಿನಿಂದ ಎಣಿಕೆಯಾಗುತ್ತದೆ. ಈಜಿಪ್ಟಿನಲ್ಲಿ ಪತ್ರಕರ್ತ ಮುಸ್ತಾಫಾ ಅಮೀನರ ಪ್ರಚಾರದಿಂದ 1956ರಲ್ಲಿ ಆರಂಭವಾದ ದಿನ ಮಾರ್ಚ್ 21, ವಸಂತದ ಮೊದಲ ದಿನ. ಅರಬ್ ನಾಡುಗಳ ಮುಸ್ಲಿಮರೂ ಕ್ರೈಸ್ತರೂ ಅದನ್ನು ಒಟ್ಟಾಗಿ ಆಚರಿಸುತ್ತಾರೆ. ಬೊಲಿವಿಯದ ಮೇ 27 ರಣರಂಗದ ನೆನಪು: 1812ರಲ್ಲಿ ಕೊಚಬಾಂಬ ಪಟ್ಟಣದ ಕೊರೊನಿಯ್ಯಾ ಗುಡ್ಡದ ಮೇಲೆ ಸ್ಪೇನಿನ ಪಕ್ಷದ ಸೇನೆಯನ್ನು ಎದುರಿಸಿ ಮಡಿದ ಸ್ತ್ರೀಯರ ದಿನವನ್ನೇ ಆ ದೇಶ 1927ರಲ್ಲಿ ತಾಯಂದಿರ ದಿನವನ್ನಾಗಿ ಮಾಡಿಕೊಂಡಿತು.

ನಮ್ಮ ಕರಾವಳಿಯನ್ನು ಮರೆಯುವಂತಿಲ್ಲ. ಸೆಪ್ಟೆಂಬರ್ 8ರಂದು, ಮರಿಯಳ ಜನನದ ಹಬ್ಬವನ್ನು ಮಂಗಳೂರು ಸೀಮೆಯ ಕೊಂಕಣಿ ಕಥೋಲಿಕರು 'ಮೊಂತಿ ಫೆಸ್ತ್' ಎಂದು ಆಚರಿಸುತ್ತಾರೆ. ಒಂಬತ್ತು ದಿನ ಮಕ್ಕಳು ಹೂ ತಂದು ತಾಯಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ. ಮನೆಯವರೆಲ್ಲ ಹೊಸ ಅಕ್ಕಿಯ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಸೇವಿಸಿ, ಬಳಿಕ ಸಸ್ಯಾಹಾರದ ಊಟಕ್ಕೆ ಕುಳಿತುಕೊಳ್ಳುತ್ತಾರೆ. ಪೆನ್ಸ್ವಿಕ್ ಸ್ಮಿತ್ ಬೇರೆ ಬೇರೆಯಾಗಿ ಹೆಸರಿಸಿದ್ದ ಮರಿಯಳು, ಸಭೆ, ಮನೆ, ಭೂಮಿಯ ಫಲ ಇಲ್ಲಿ ಒಂದೇ ತಟ್ಟೆಯಲ್ಲಿವೆ. ಮರಿಯಳ ವಿಷಯದಲ್ಲಿ ಪ್ರೊಟೆಸ್ಟೆಂಟರಾದ ನಾವು ಇಟ್ಟುಕೊಂಡಿರುವ ಎಚ್ಚರಕ್ಕೆ ಕಾರಣಗಳುಂಟು. ಆದರೆ ಎಫೆಸ ಮಹಾಸಭೆ 431ರಲ್ಲಿ ಆಕೆಯನ್ನು ದೇವರನ್ನು ಹೆತ್ತವಳೆಂದು ಕರೆದದ್ದು ಕ್ರಿಸ್ತನನ್ನು ಕುರಿತಾದ ನಿರ್ಣಯ; ಅದು ನಮಗೂ ಸೇರಿದ್ದು.

ಅಧಿಕಾರದ ಕೈಗೆ ಸಿಕ್ಕ ತಾಯಿ

ಎಲ್ಲ ಗೌರವವೂ ಗೌರವವಲ್ಲ ಎಂಬುದಕ್ಕೆ ಕಳೆದ ಶತಮಾನ ಸಾಕ್ಷಿ. ಮೆಕ್ಸಿಕೋದಲ್ಲಿ ಮೇ 10ರ ಆಚರಣೆ 1922ರಲ್ಲಿ 'ಎಕ್ಸೆಲ್ಸಿಯೋರ್' ದಿನಪತ್ರಿಕೆಯ ಕರೆಯಿಂದ ಆರಂಭವಾಯಿತು. ಅದೇ ವರ್ಷ ಯುಕತಾನ್ ಪ್ರಾಂತದಲ್ಲಿ ಸಂತಾನನಿಯಂತ್ರಣದ ಕಿರುಹೊತ್ತಗೆಯೊಂದು ಹಂಚಿಕೆಯಾಗಿತ್ತು. ಸ್ತ್ರೀಯರು ಹಕ್ಕುಗಳ ಮಾತನ್ನಾಡತೊಡಗಿದ್ದರು. ತಾಯಿಯನ್ನು ಕೊಂಡಾಡುವ ಕರೆ ಅದಕ್ಕೆ ಕೊಟ್ಟ ಉತ್ತರವೂ ಆಗಿತ್ತು. ಜರ್ಮನಿಯಲ್ಲಿ ಹೂವಿನ ವ್ಯಾಪಾರಿಗಳ ಸಂಘ 1923ರಲ್ಲಿ ಆರಂಭಿಸಿದ ದಿನವನ್ನು ನಾಜಿಗಳು ತಮ್ಮದಾಗಿಸಿಕೊಂಡರು. 1938ರಲ್ಲಿ ಅವರು ತಾಯಂದಿರಿಗೆಂದು ಶಿಲುಬೆಯಾಕಾರದ ಪದಕವನ್ನು ಸ್ಥಾಪಿಸಿದರು: ನಾಲ್ಕು ಮಕ್ಕಳನ್ನು ಹೆತ್ತವಳಿಗೆ ಕಂಚು, ಆರಕ್ಕೆ ಬೆಳ್ಳಿ, ಎಂಟಕ್ಕೆ ಚಿನ್ನ. ಯೆಹೂದ್ಯ ತಾಯಿಗೆ ಅದು ಇರಲಿಲ್ಲ. 'ಅನರ್ಹ' ಸಂತಾನದ ತಾಯಿಗೂ ಇರಲಿಲ್ಲ. ಶಿಲುಬೆಯ ಆಕಾರವನ್ನು ಹೀಗೆ ಎಣಿಕೆಯ ಪದಕವಾಗಿ ಧರಿಸಿದ ಎಷ್ಟೋ ಸ್ತ್ರೀಯರು ಭಾನುವಾರ ದೇವಾಲಯಕ್ಕೂ ಬರುತ್ತಿದ್ದರು.

ಇದು ದೂರದ ಕಥೆಯೆಂದು ಅಂದುಕೊಳ್ಳುವುದು ಸುಲಭ. ಆದರೆ ಹೆತ್ತ ಸಂಖ್ಯೆಯಿಂದ, ಅದರಲ್ಲೂ ಹೆತ್ತ ಗಂಡುಮಕ್ಕಳ ಸಂಖ್ಯೆಯಿಂದ, ಸ್ತ್ರೀಯ ಬೆಲೆ ಕಟ್ಟುವುದನ್ನು ನಮ್ಮ ಮನೆಗಳು ಯಾರಿಂದಲೂ ಕಲಿಯಬೇಕಾಗಿಲ್ಲ. ಮಕ್ಕಳಿಲ್ಲದವಳನ್ನು ತೊಟ್ಟಿಲು ಶಾಸ್ತ್ರಕ್ಕೆ ಕರೆಯದ ಮನೆಗಳು ಕ್ರೈಸ್ತರಲ್ಲೂ ಇವೆ. ಹೀಗಿರುವಾಗ ದೇವಾಲಯದೊಳಗೆ ಒಂದು ಗುಂಪನ್ನು ಎಬ್ಬಿಸಿ ನಿಲ್ಲಿಸಿ ಇನ್ನೊಂದನ್ನು ಕೂರಿಸಿದರೆ, ಊರು ಆರು ದಿನ ಹೇಳಿದ್ದನ್ನೇ ಸಭೆ ಏಳನೆಯ ದಿನ ದೇವರ ಹೆಸರಿನಲ್ಲಿ ಹೇಳಿದಂತಾಗುತ್ತದೆ.

ಗಲಾತ್ಯ 4: ಆ ದಿನದ ಪಾಠ

ಈಗ ಶತಮಾನಗಳ ಕಾಲ ಸಭೆ ಈ ಭಾನುವಾರ ಓದಿದ ಪಾಠಕ್ಕೆ ಬರೋಣ. ಗಲಾತ್ಯ 4:26ರಲ್ಲಿ ಪೌಲನು ಮೇಲಣ ಯೆರೂಸಲೇಮನ್ನು ನಮ್ಮ ತಾಯಿಯೆನ್ನುತ್ತಾನೆ. ಸಭೆಯನ್ನು ತಾಯಿಯಾಗಿ ಹೊಂದದವನು ದೇವರನ್ನು ತಂದೆಯಾಗಿ ಹೊಂದಲಾರನೆಂದು ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಸಿಪ್ರಿಯಾನನು ವಾದಿಸಿದ್ದು ಈ ಜಾಡಿನಲ್ಲೇ. ಕ್ಯಾಲ್ವಿನನೂ ತನ್ನ 'ಇನ್‌ಸ್ಟಿಟ್ಯೂಟ್ಸ್' ಗ್ರಂಥದ ನಾಲ್ಕನೆಯ ಭಾಗದ ಮೊದಲ ಅಧ್ಯಾಯದಲ್ಲಿ ಗರ್ಭ ಧರಿಸಿ, ಹೆತ್ತು, ಹಾಲೂಡಿ ಬೆಳೆಸುವ ತಾಯಿಯನ್ನಾಗಿ ಸಭೆಯನ್ನು ಕಾಣುತ್ತಾನೆ. ಇಷ್ಟನ್ನು ಪ್ರಸಂಗಗಳಲ್ಲಿ ಕೇಳಿದ್ದೇವೆ.

ಆದರೆ ಮುಂದಿನ ವಚನದಲ್ಲಿಯೇ, 4:27ರಲ್ಲಿ, ಪೌಲನು ಯೆಶಾಯ 54:1ನ್ನು ಎತ್ತಿಕೊಳ್ಳುತ್ತಾನೆ. ಅಲ್ಲಿ ಹರ್ಷಿಸಲು ಕರೆ ಹೋಗುವುದು ಯಾರಿಗೆ? ಹೆರದವಳಿಗೆ, ಪ್ರಸವವೇದನೆ ಪಡದವಳಿಗೆ, ಗಂಡನಿಲ್ಲದವಳಿಗೆ. ನಮ್ಮ ಸತ್ಯವೇದ ಆಕೆಯನ್ನು 'ಬಂಜೆ' ಎಂದು ಕರೆಯುತ್ತದೆ. ಬೀದಿಯಲ್ಲಿ ಬೈಗುಳವಾಗಿರುವ ಆ ಪದ ಅಲ್ಲಿ ದೇವರ ಸಂಬೋಧನೆ. ಹಳೆಯ ಪ್ರಾರ್ಥನಾ ಕ್ರಮದ ಪ್ರಕಾರ ತಾಯಂದಿರ ಭಾನುವಾರದಂದು ಹಾಡೆಂದು ಕರೆಯಲ್ಪಟ್ಟವಳು ಬಂಜೆ! ಪ್ರವಾದಿಯ ಮೊದಲ ಕೇಳುಗರು ಸೆರೆಹೋದವರು. ಮಕ್ಕಳನ್ನು ಕಳೆದುಕೊಂಡ ನಗರಕ್ಕೆ ಆತನು ಆ ಮಾತನ್ನಾಡಿದನು. ಸಭೆ ತಾಯಿಯಾಗುವುದು ಗರ್ಭದ ಬಲದಿಂದಲ್ಲ, ವಾಗ್ದಾನದಿಂದ ಎಂಬುದು ಪೌಲನ ವಾದದ ಹುರುಳು. ಹಾಗಾದರೆ ಈ ಪಾಠವನ್ನೋದಿದ ಸಭೆಯಲ್ಲಿ ಮಕ್ಕಳಿಲ್ಲದವಳು ಆ ದಿನದ ಅಂಚಿನಲ್ಲಿರಲು ಸಾಧ್ಯವೇ ಇಲ್ಲ.

ಅದೇ ಅಧ್ಯಾಯದ 19ನೆಯ ವಚನದಲ್ಲಿ ಪೌಲನು ಕ್ರಿಸ್ತನು ಗಲಾತ್ಯದವರಲ್ಲಿ ರೂಪುಗೊಳ್ಳುವ ತನಕ ತಾನು ಮತ್ತೆ ಪ್ರಸವವೇದನೆಯಲ್ಲಿದ್ದೇನೆಂದು ಬರೆಯುತ್ತಾನೆ. ಸುನ್ನತಿಯ ಕುರಿತು ಕಟುವಾಗಿ ವಾದಿಸುವ ಪತ್ರಿಕೆಯಲ್ಲಿ ಅಪೊಸ್ತಲನು ತನ್ನನ್ನು ಹೆರುವ ಸ್ತ್ರೀಯೆಂದು ಕರೆದುಕೊಳ್ಳಲು ಸಂಕೋಚಪಡುವುದಿಲ್ಲ. ಹನ್ನೊಂದನೆಯ ಶತಮಾನದ ಅನ್ಸೆಲ್ಮನು ತನ್ನ ಪ್ರಾರ್ಥನೆಯೊಂದರಲ್ಲಿ ಪೌಲನನ್ನೂ, ಕೋಳಿಯ ಉಪಮೆಯನ್ನು (ಮತ್ತಾಯ 23:37) ನೆನೆದು ಯೇಸುವನ್ನೂ ತಾಯಿಯೆಂದು ಸಂಬೋಧಿಸುತ್ತಾನೆ. ನಾರ್ವಿಚ್‌ನ ಜೂಲಿಯನ್ ಅದನ್ನು ಇನ್ನೂ ಆಳಕ್ಕೆ ಒಯ್ದಳು. ನಮ್ಮ ಕಾಲದಲ್ಲಿ ಬೆವರ್ಲಿ ಗವೆಂಟ ಎಂಬ ವಿದುಷಿ ಪೌಲನ ಈ ತಾಯ್ನುಡಿಗಳನ್ನೇ ಆಧರಿಸಿ ಒಂದು ಗ್ರಂಥ ಬರೆದಿದ್ದಾರೆ. ಸಭಾಪಾಲಕರಾಗಲು ಸಿದ್ಧರಾಗುತ್ತಿರುವವರು, ವಿಶೇಷವಾಗಿ ಗಂಡಸರು, ಈ ವಚನವನ್ನು ಒಮ್ಮೆ ನಿಧಾನವಾಗಿ ಓದಬೇಕು.

ಈ ಪಾಠದಲ್ಲಿ ಎರಡು ಮುಳ್ಳುಗಳೂ ಇವೆ. ಒಂದು, ಇದನ್ನು ಯೆಹೂದ್ಯರ ಮೇಲಿನ ತೀರ್ಪಾಗಿ ಓದಿದ ದೀರ್ಘ ಹಾಗೂ ಪಾಪಭರಿತ ಪರಂಪರೆ. ಪೌಲನ ವಿವಾದ ಅನ್ಯಜನರಿಂದ ಬಂದ ವಿಶ್ವಾಸಿಗಳ ಮೇಲೆ ಸುನ್ನತಿಯನ್ನು ಹೇರುತ್ತಿದ್ದ ಬೋಧಕರೊಂದಿಗೆ. ಇಸ್ರಾಯೇಲಿನ ತಾಯಿಯನ್ನು ಆತನು ತಳ್ಳಿಹಾಕಲಿಲ್ಲ. ಎರಡು, ಹಾಗರಳು. ದೃಷ್ಟಾಂತದಲ್ಲಿ ಆಕೆ ದಾಸತ್ವದ ಸಂಕೇತವಾಗಿ ಹೊರಹಾಕಲ್ಪಡುತ್ತಾಳೆ. ಆದರೆ ಆದಿಕಾಂಡದ ಹಾಗರಳು ಸಂಕೇತವಲ್ಲ. ಪರದೇಶದ ಮನೆಗೆಲಸದವಳು, ಯಜಮಾನಿಯ ಮಾತಿನ ಮೇರೆಗೆ ಬಸುರಾದವಳು, ಅಡವಿಯಲ್ಲಿ ಮಗನ ಸಾವನ್ನು ನೋಡಲಾರದೆ ದೂರ ಹೋಗಿ ಕುಳಿತವಳು. ಆಕೆಯೇ ದೇವರಿಗೆ ಹೆಸರಿಟ್ಟವಳು ಸಹ (ಆದಿಕಾಂಡ 16:13). ಡೆಲೋರಿಸ್ ವಿಲಿಯಮ್ಸ್ ಎಂಬ ಆಫ್ರಿಕನ್-ಅಮೆರಿಕನ್ ದೈವಶಾಸ್ತ್ರಜ್ಞೆ 1993ರಲ್ಲಿ ಬರೆದ ಗ್ರಂಥದಲ್ಲಿ ದಾಸ್ಯದಲ್ಲಿ ಹೆತ್ತ ಕಪ್ಪು ಸ್ತ್ರೀಯರ ಅನುಭವವನ್ನು ಹಾಗರಳ ಮೂಲಕ ಓದಿದರು. ಮದರಿಂಗ್ ಸಂಡೆಯಂದು ನೇರಳೆ ಹೂ ಹಿಡಿದು ಮನೆಗೆ ನಡೆದವರೂ ಮನೆಗೆಲಸದ ಹುಡುಗಿಯರೇ ಎಂಬುದನ್ನು ಇದರ ಪಕ್ಕದಲ್ಲಿಡಿ. ನಮ್ಮ ನಗರ ಸಭೆಗಳ ಸದಸ್ಯರ ಮನೆಗಳಲ್ಲಿ ತಾಯಂದಿರ ದಿನದ ವಿಶೇಷ ಅಡುಗೆಯ ಪಾತ್ರೆಗಳನ್ನು ತೊಳೆಯುವವಳೂ ಬಹುಮಟ್ಟಿಗೆ ಒಬ್ಬ ತಾಯಿಯೇ.

ಇಂಗ್ಲೆಂಡಿನ ಸಭೆಯ ಇಂದಿನ ಪ್ರಾರ್ಥನಾ ಕ್ರಮ ಈ ಭಾನುವಾರಕ್ಕೆ ಗಲಾತ್ಯದ ಬದಲು ಬೇರೆ ಪಾಠಗಳನ್ನು ಕೊಡುತ್ತದೆ: ಮೋಶೆಯನ್ನು ಬುಟ್ಟಿಯಲ್ಲಿ ತೇಲಿಬಿಟ್ಟ ತಾಯಿ, ಸಮುವೇಲನನ್ನು ಶೀಲೋವಿನಲ್ಲಿ ಒಪ್ಪಿಸಿದ ಹನ್ನಳು, ಕತ್ತಿಯ ಮಾತನ್ನು ಕೇಳಿದ ಮರಿಯಳು, ಶಿಲುಬೆಯ ಬಳಿ ನಿಂತ ಮರಿಯಳು. ಗಮನಿಸಿದರೆ ಇವುಗಳಲ್ಲಿ ಒಂದೂ ತೃಪ್ತ ಸಂಸಾರದ ಚಿತ್ರವಲ್ಲ. ಎಲ್ಲವೂ ಮಗುವನ್ನು ಬಿಟ್ಟುಕೊಟ್ಟ ತಾಯಂದಿರ ಕಥೆಗಳು. ಯೋಹಾನ 19:26-27ರಲ್ಲಂತೂ ಹೆರಿಗೆಯಿಂದಲ್ಲದೆ ಕೇವಲ ಮಾತಿನಿಂದ ಒಬ್ಬ ತಾಯಿಯೂ ಒಬ್ಬ ಮಗನೂ ಉಂಟಾಗುತ್ತಾರೆ.

ಸಭೆಯಲ್ಲಿ

ದಿನವನ್ನೇ ಕೈಬಿಡಬೇಕೆಂಬ ವಾದವನ್ನು ನಾನು ಒಪ್ಪಲಾರೆ. ವರ್ಷವಿಡೀ ಯಾರೂ ಒಂದು ಒಳ್ಳೆಯ ಮಾತನ್ನಾಡದ ಎಷ್ಟೋ ತಾಯಂದಿರಿಗೆ ಆ ಗುಲಾಬಿ ನಿಜವಾದ ಸಂತೋಷ ಕೊಡುತ್ತದೆ; ಶುಷ್ಕ ವಿವೇಚನೆಯಿಂದ ಅದನ್ನು ಕಸಿದುಕೊಳ್ಳುವ ಅಧಿಕಾರ ನಮಗಿಲ್ಲ. ಮೇ ತಿಂಗಳಿನಿಂದ ಲೆಂಟಿಗೆ ಬದಲಾಯಿಸಬೇಕೆಂದೂ ಹೇಳುವುದಿಲ್ಲ. ಮೇ ತಿಂಗಳ ಎರಡನೆಯ ಭಾನುವಾರ ಸಾಮಾನ್ಯವಾಗಿ ಪುನರುತ್ಥಾನ ಕಾಲದೊಳಗೇ ಬರುತ್ತದೆ. ಸಮಾಧಿಗಳಿರುವ ತಾಯಂದಿರಿಗೆ ಅದಕ್ಕಿಂತ ಒಳ್ಳೆಯ ಕಾಲ ಯಾವುದು?

ಬದಲಾಗಬೇಕಾದವು ಸಣ್ಣ ಸಂಗತಿಗಳು. ಯಾರನ್ನೂ ಎಬ್ಬಿಸಿ ನಿಲ್ಲಿಸದಿರುವುದು. ಜ್ಞಾನೋಕ್ತಿ 31ರ ಜೊತೆಗೆ ಗಲಾತ್ಯ 4:19 ಮತ್ತು 26-27ನ್ನೂ ಓದುವುದು, ಸಾಧ್ಯವಾದರೆ ಒಬ್ಬ ಸ್ತ್ರೀಯ ಧ್ವನಿಯಲ್ಲಿ. ವಿಜ್ಞಾಪನಾ ಪ್ರಾರ್ಥನೆಯಲ್ಲಿ ಮಗುವನ್ನು ಕಳೆದುಕೊಂಡವರು, ಮಗುವಿಗಾಗಿ ಕಾದಿರುವವರು, ಇತರರ ಮಕ್ಕಳನ್ನು ಸಾಕಿದವರು, ತಾಯಿಯಿಂದ ನೊಂದವರು ಎಂದು ಹೆಸರು ಹೇಳದೆ ನೆನೆಯುವುದು. ಕೊನೆಯ ಗುಂಪನ್ನು ನಾವು ಪೂರ್ತಿ ಮರೆಯುತ್ತೇವೆ. ತಾಯಿಯ ಮಮತೆಯನ್ನೇ ಅರಿಯದವರಿಗೆ ದೇವರು ತಾಯಿಯಂತೆಂದರೆ ಸುವಾರ್ತೆಯಾಗಿ ಕೇಳಿಸದು. ಯೆಶಾಯ 49:15 ಅಂಥವರಿಗಾಗಿಯೇ ಇದೆ. ತಾಯಿ ಮರೆಯಬಹುದೆಂಬುದನ್ನು ಆ ವಚನ ಅಲ್ಲಗಳೆಯುವುದಿಲ್ಲ.

ಮರುವರ್ಷ ಅದೇ ಗ್ರಾಮಸಭೆಯಲ್ಲಿ, ಬಾಗಿಲ ಬಳಿ ಗಂಡುಹೆಣ್ಣೆನ್ನದೆ ಪ್ರತಿಯೊಬ್ಬರಿಗೂ ಮಕ್ಕಳು ಒಂದೊಂದು ಹೂ ಕೊಡಲಿ, ಅವರು ಅದನ್ನು ತಮಗೆ ತಾಯಿಯಾದ ಯಾರನ್ನಾದರೂ ನೆನೆದು ಒಯ್ಯಲಿ ಎಂದು ಸೂಚಿಸಿದೆ. ಅಷ್ಟು ಗುಲಾಬಿಗೆ ಹಣವೆಲ್ಲಿದೆಯೆಂದು ಯುವಜನ ಸಂಘದ ಕಾರ್ಯದರ್ಶಿ ಆಕ್ಷೇಪಿಸಿದರು. ಆತನ ಮಾತು ಸರಿಯಾಗಿಯೇ ಇತ್ತು. ಕಡೆಗೆ ಮನೆಗಳಿಂದಲೇ ಹೂ ತರುವಂತೆ ಪ್ರಕಟಣೆ ಮಾಡಿದೆವು. ಮಲ್ಲಿಗೆ, ದಾಸವಾಳ, ಕಣಗಿಲೆ ಬಂದವು. ಯಾರೋ ಬೇಲಿಯ ಹೂಗಳನ್ನೂ ಕಿತ್ತು ತಂದಿದ್ದರು. ಮೂರನೆಯ ಸಾಲಿನ ಆ ಸಹೋದರಿ ಒಂದು ಬುಟ್ಟಿ ಕನಕಾಂಬರ ತಂದಿದ್ದರು, ಮತ್ತು ಅದನ್ನು ಹಂಚುವ ಮಕ್ಕಳ ಜೊತೆ ತಾವೂ ಬಾಗಿಲಲ್ಲಿ ನಿಂತಿದ್ದರು.